"ತಡಿ, ಕೂಸಿಗೆ ಬಾಟಿ ಕೊಡಾಕತ್ತೀನಿ": ಕತೆಯ ಒಳಗೆ ಮಾತಾಡಿದ ಒಂದು ಮಗು

ನಮ್ಮದು ವಿಜಯಪುರ ಜಿಲ್ಲೆಯ ಒಂದು ತಾಂಡಾದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ತರಗತಿ, ಇಬ್ಬರೇ ಶಿಕ್ಷಕರು. ನಲಿಕಲಿ, ಅಂದರೆ ಆಡುತ್ತಾ ಕಲಿಯುವ ಪದ್ಧತಿಯ ಕೋಣೆ ನನ್ನದು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಅಲ್ಲಿ ಒಟ್ಟಿಗೆ ಕೂರುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿ ಈಗ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಪರಿಚಿತ. ಗೋಡೆಯ ಮೇಲೆ ಕಲಿಕೆಯ ಹಂತಗಳನ್ನು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳ ಚಿತ್ರ ನೇತುಹಾಕುವ ಚಪ್ಪರ, ನೆಲದ ಮೇಲೆ ಗುಂಪು ಗುಂಪಾಗಿ ಮಕ್ಕಳು.

ಒಂದು ವರ್ಷ ಜೂನ್‌ನಲ್ಲಿ ಒಂದನೇ ತರಗತಿಗೆ ಬಂದ ಒಬ್ಬ ಹುಡುಗಿಯ ಕತೆ ಇದು. ಅವಳ ಹೆಸರು ಹೇಳುವುದಿಲ್ಲ. ಛೋರಿ ಅನ್ನುತ್ತೇನೆ. ಲಂಬಾಣಿಯಲ್ಲಿ ಹಾಗಂದರೆ ಹುಡುಗಿ. ಅವಳ ಅಜ್ಜಿ ಕರೆಯುವುದೂ ಹಾಗೇ.

ಜೂನ್, ಜುಲೈ ಎರಡು ತಿಂಗಳು ಛೋರಿ ಶಾಲೆಯಲ್ಲಿ ಒಂದು ಮಾತೂ ಆಡಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು, ಅಷ್ಟೇ. ಒಂದಕ್ಕೆ ಹೋಗಬೇಕೆಂದರೆ ಪಕ್ಕದ ಹುಡುಗಿಯ ಲಂಗ ಎಳೆಯುತ್ತಿದ್ದಳು. ಬಿಸಿಯೂಟದ ಹೊತ್ತಿಗೆ ಇನ್ನೊಂದು ಸೌಟು ಸಾರು ಬೇಕಾದರೆ ತಟ್ಟೆ ಮುಂದೆ ಚಾಚುತ್ತಿದ್ದಳು. ಹಾಡು ಹೇಳುವಾಗ ತುಟಿಯೂ ಅಲುಗುತ್ತಿರಲಿಲ್ಲ. ಆದರೆ ಕಣ್ಣು ಮಾತ್ರ ನನ್ನ ಮೇಲೇ ಇರುತ್ತಿತ್ತು.

ನನಗೆ ಮೊದಲು ಬಂದ ಅನುಮಾನ ಕಿವಿಯದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಅವಳನ್ನು ಮೊದಲು ತೋರಿಸಿದೆ. ಕಿವಿ ಚೆನ್ನಾಗಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮಾತಾಡದ ಮಗುವನ್ನು ಕಂಡ ಕೂಡಲೇ ಕತೆ ಹೇಳಲು ಹೋಗಬಾರದು. ಕಿವಿ ಕೇಳದ ಮಗುವಿಗೆ ಎಷ್ಟು ಕತೆ ಹೇಳಿದರೂ ಏನು ಬಂತು? ಮೊದಲು ಅದನ್ನು ನೋಡಿಸಬೇಕು. ಆಮೇಲೆ ಉಳಿದದ್ದು.

ಜುಲೈನಲ್ಲಿ ನಾನು ಒಂದು ತಪ್ಪು ಮಾಡಿದೆ. ಆಗ ನಾನು ವಾರಕ್ಕೆರಡು ಕತೆ ಹೇಳುತ್ತಿದ್ದೆ. ಚೆನ್ನಾಗಿಯೇ ಹೇಳುತ್ತಿದ್ದೆ, ಮಕ್ಕಳು ನಗುತ್ತಿದ್ದರು. ಕತೆ ಮುಗಿದ ಮೇಲೆ "ಈ ಕತೆಯ ನೀತಿ ಏನು?" ಅಂತ ಕೇಳುತ್ತಿದ್ದೆ. ಆಮೇಲೆ ಒಬ್ಬೊಬ್ಬರನ್ನೇ ಎದ್ದು ನಿಲ್ಲಿಸಿ "ಈಗ ನೀ ಹೇಳು" ಅನ್ನುತ್ತಿದ್ದೆ. ಒಂದು ದಿನ ಛೋರಿಯ ಸರದಿ ಬಂತು. ಎಲ್ಲರ ಮುಂದೆ ನಿಂತಳು. ನಾನು "ಹೇಳವ್ವಾ, ಹೆದರಬ್ಯಾಡ" ಅಂದೆ. ಮತ್ತೆ ಅಂದೆ. ಮೂರನೇ ಸಲ ಅನ್ನುವಷ್ಟರಲ್ಲಿ ಅವಳ ಲಂಗ ಒದ್ದೆಯಾಗಿತ್ತು. ಮಕ್ಕಳು ನಕ್ಕರು. ಮುಂದಿನ ಎರಡು ದಿನ ಅವಳು ಶಾಲೆಗೆ ಬರಲಿಲ್ಲ.

ಮೂರನೇ ದಿನ ಸಂಜೆ ನಾನೇ ಅವಳ ಮನೆಗೆ ಹೋದೆ.

ಮನೆಯ ಮುಂದೆ ಛೋರಿ ಒಂದು ಆಡಿಗೆ ಬೈಯುತ್ತಿದ್ದಳು. ಅದು ಏನೋ ಬಟ್ಟೆ ಎಳೆದಿತ್ತು ಅನ್ನಿಸುತ್ತದೆ. ಕೈ ಸೊಂಟದ ಮೇಲೆ, ಸ್ವರ ಏರಿಸಿ, ಥೇಟ್ ದೊಡ್ಡವರ ಹಾಗೆ. ಉಸಿರು ತೆಗೆದುಕೊಳ್ಳದೆ ಲಂಬಾಣಿಯಲ್ಲಿ ಮಾತಾಡುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಮಾತು ನಿಂತಿತು. ಲಂಬಾಣಿ ಲಂಗ ಕುಪ್ಪಸವಾದ ಫೇಟಿಯಾ, ಕಾಂಚಳಿ ತೊಟ್ಟ ಅಜ್ಜಿ ಒಳಗಿನಿಂದ ಬಂದು ಚಾಪೆ ಹಾಸಿದರು. "ಇಕಿ ರಾತ್ರಿ ಮಲಗೂ ಮಟಾ ಬಾಯಿ ಮುಚ್ಚಂಗಿಲ್ರಿ ಅಕ್ಕೋರೆ" ಅಂದರು.

ಎರಡು ತಿಂಗಳಿಂದ "ಮಾತು ಬಾರದ ಮಗು" ಅಂತ ನನ್ನ ದಾಖಲೆಯಲ್ಲಿ ಬರೆದಿದ್ದೆ. ಆ ಮಗುವಿಗೆ ಮಾತು ನನಗಿಂತ ಜಾಸ್ತಿ ಬರುತ್ತಿತ್ತು. ನನ್ನ ಭಾಷೆಯಲ್ಲಿ ಬರುತ್ತಿರಲಿಲ್ಲ, ಅಷ್ಟೇ.

2011ರ ಜನಗಣತಿಯಲ್ಲಿ ಲಂಬಾಣಿ ನಮ್ಮ ಮನೆಮಾತು ಎಂದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು. ಗಣತಿಯ ಪಟ್ಟಿಯಲ್ಲಿ ಅದನ್ನು ಹಿಂದಿಯ ಕೆಳಗೆ ಸೇರಿಸಿದ್ದಾರೆ. ಆದರೆ ತಾಂಡಾದ ಆರು ವರ್ಷದ ಮಗುವಿಗೆ ಹಿಂದಿಯೂ ದೂರ, ಕನ್ನಡವೂ ದೂರ. ಕನ್ನಡ ದ್ರಾವಿಡ ಭಾಷೆ, ಲಂಬಾಣಿ ಆ ಗುಂಪಿನದಲ್ಲ. ಪದ ಬೇರೆ, ಪದಕ್ಕೆ ಅಂಟುವ ಬಾಲವೂ ಬೇರೆ. "ಮನೆಗೆ", "ಮನೆಯಿಂದ", "ಮನೆಯಲ್ಲಿ" ನಮಗೆ ಸುಲಭ. ಹೊಸದಾಗಿ ಕೇಳುವ ಕಿವಿಗೆ ಅವು ಮೂರು ಬೇರೆ ಬೇರೆ ಪದಗಳಂತೆ ಕೇಳುತ್ತವೆ. ಎರಡನೇ ಭಾಷೆಗೆ ಇಳಿಯುವ ಚಿಕ್ಕ ಮಕ್ಕಳಲ್ಲಿ ಹಲವರು ಮೊದಲು ಕೆಲವು ತಿಂಗಳು ಸುಮ್ನೆ ಕೇಳುತ್ತಾರೆ. ಆ ಹೊತ್ತಿನಲ್ಲಿ ಒಳಗೆ ಕೆಲಸ ನಡೆದೇ ಇರುತ್ತದೆ. ಅಂಥ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ಇಡೀ ಕತೆ ಹೇಳು ಅಂದಿದ್ದೆ ನಾನು.

ಅವತ್ತು ಅಜ್ಜಿಗೆ ಒಂದು ಕತೆ ಹೇಳಿ ಅಂದೆ. ಅವರು ಲಂಬಾಣಿಯಲ್ಲೇ ಹೇಳಿದರು. ನನಗೆ ಅರ್ಥವಾಗಿದ್ದು ಅಲ್ಲೊಂದು ಇಲ್ಲೊಂದು ಪದ. ಪಾಣಿ ಅಂದರೆ ನೀರು, ಘರ ಅಂದರೆ ಮನೆ, ಯಾಡಿ ಅಂದರೆ ಅವ್ವ. ಉಳಿದದ್ದೆಲ್ಲ ಗಾಳಿ. ಹತ್ತು ನಿಮಿಷ ಹಾಗೆ ಕೂತಿದ್ದೆ. ನಗಬೇಕಾದ ಕಡೆ ಎಲ್ಲರೂ ನಕ್ಕರು, ನಾನೊಬ್ಬಳೇ ನಗಲಿಲ್ಲ. ನನ್ನ ತರಗತಿಯಲ್ಲಿ ಛೋರಿ ಎರಡು ತಿಂಗಳು ಹೀಗೇ ಕೂತಿದ್ದಳು. ಒಂದು ವಿಷಯ ಮಾತ್ರ ಗಮನಕ್ಕೆ ಬಂತು. ಕತೆಯಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತಿತ್ತು. ಆ ಸಾಲು ಬಂದಾಗ ಅಜ್ಜಿ ನಿಲ್ಲಿಸುತ್ತಿದ್ದರು. ಛೋರಿ ಅದನ್ನು ಹೇಳುತ್ತಿದ್ದಳು. ನಾಲ್ಕನೇ ಸಲ ಬರುವಷ್ಟರಲ್ಲಿ ನನಗೂ ಆ ಸಾಲು ಬಾಯಿಗೆ ಬಂದಿತ್ತು. ಅರ್ಥ ಗೊತ್ತಿಲ್ಲದೆಯೂ!

ಮನೆಗೆ ಬರುವ ದಾರಿಯಲ್ಲಿ ಕಾಗಕ್ಕ ಗುಬ್ಬಕ್ಕ ನೆನಪಾಯಿತು.

ಆ ಕತೆ ನಿಮಗೂ ಗೊತ್ತಿದೆ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆ ಬಂದು ಸಗಣಿ ಮನೆ ಕರಗಿ ಹೋಗುತ್ತದೆ. ಕಾಗಕ್ಕ ಬಂದು ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಪ್ರತಿ ಸಲ ತಾಳು ಅನ್ನುತ್ತಾಳೆ. ಕೂಸಿಗೆ ನೀರು ಹಾಕಬೇಕು, ತಲೆ ಬಾಚಬೇಕು, ಊಟ ಮಾಡಿಸಬೇಕು, ಮಲಗಿಸಬೇಕು. ಚಿಕ್ಕ ಮಕ್ಕಳ ಮಾತಿಗೆ ಇದಕ್ಕಿಂತ ಒಳ್ಳೆಯ ಕತೆ ನನಗೆ ಗೊತ್ತಿಲ್ಲ. ಕಾರಣ ಹೇಳುತ್ತೇನೆ. ಕೇಳುವ ಪ್ರಶ್ನೆ ಒಂದೇ, ಬದಲಾಗುವುದಿಲ್ಲ. ಉತ್ತರದ ಅರ್ಧ ಭಾಗ, ಅಂದರೆ "ತಡಿ", ಅದೂ ಬದಲಾಗುವುದಿಲ್ಲ. ಉಳಿದರ್ಧ ಮಾತ್ರ ಮಗು ಸೇರಿಸಬೇಕು. ಅದೂ ದಿನಾ ಮನೆಯಲ್ಲಿ ನೋಡುವ ಕೆಲಸವೇ. ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತು ತಿರುಗುವ ತಾಂಡಾದ ಹುಡುಗಿಯರಿಗೆ ಇದು ಗೊತ್ತಿಲ್ಲದ ಸಂಗತಿಯಾ?

ಆಗಸ್ಟ್‌ನಿಂದ ಒಂದೇ ಕತೆ ಹಿಡಿದೆ. ವಾರಕ್ಕೆರಡು ಹೊಸ ಕತೆ ಹೇಳುವುದನ್ನು ಬಿಟ್ಟೆ. ಒಂದು ಬಿದಿರು ಬುಟ್ಟಿಯಲ್ಲಿ ಕಪ್ಪು ಬಟ್ಟೆಯ ಕಾಗೆ, ಹಳೇ ಕಾಲುಚೀಲದ ಗುಬ್ಬಿ, ಒಣ ಸಗಣಿಯ ಒಂದು ಕುಳ್ಳು, ಒಂದಿಷ್ಟು ಕಲ್ಲು, ತಟ್ಟಲು ಒಂದು ತಗಡಿನ ಡಬ್ಬಿ ಇಟ್ಟುಕೊಂಡೆ. ಇಡೀ ತರಗತಿಗೆ ಒಟ್ಟಿಗೆ ಹೇಳುವುದು ವಾರದಲ್ಲಿ ಒಂದೇ ದಿನ. ಉಳಿದ ದಿನ ನಾಲ್ಕೈದು ಮಕ್ಕಳ ಗುಂಪಿನಲ್ಲಿ, ನೆಲದ ಮೇಲೆ ಕೂತು, ಹದಿನೈದು ನಿಮಿಷ. ಉಳಿದ ಗುಂಪುಗಳು ತಮ್ಮ ಕೆಲಸ ಮಾಡುತ್ತಿದ್ದವು. ನಲಿಕಲಿಯ ಕೋಣೆಯಲ್ಲಿ ಇದಕ್ಕೆ ಜಾಗ ಇದೆ, ಅದು ನನ್ನ ಅದೃಷ್ಟ.

ಮೊದಲ ವಾರ ಛೋರಿ ಡಬ್ಬಿ ತಟ್ಟಿದಳು. ಮಾತಿಲ್ಲ, ಬರೀ ಟಕ್ ಟಕ್. ನಾನು ಬೇರೇನೂ ಕೇಳಲಿಲ್ಲ. ಎರಡನೇ ವಾರವೂ ಅದೇ. ಮೂರನೇ ವಾರ ಗುಬ್ಬಿಯನ್ನು ಕೈಗೆ ತೆಗೆದುಕೊಂಡಳು. ನಾನು ಕಾಗೆಯಾಗಿ ಬಾಗಿಲು ತಟ್ಟಿದೆ.

"ಗುಬ್ಬಕ್ಕ, ಗುಬ್ಬಕ್ಕ, ಬಾಗಲಾ ತಗಿ."

ಕಾದೆ. ಮನಸ್ಸಿನಲ್ಲೇ ಒಂದರಿಂದ ಹತ್ತು ಎಣಿಸಿದೆ. ಕಾಯುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಶಿಕ್ಷಕರಿಗೆ ಮೌನ ಅಂದರೆ ಆಗುವುದಿಲ್ಲ, ಎರಡು ಸೆಕೆಂಡಿಗೆ ನಾವೇ ಉತ್ತರ ಹೇಳಿಬಿಡುತ್ತೇವೆ. ಎಂಟಕ್ಕೋ ಒಂಬತ್ತಕ್ಕೋ ಬಂದಿದ್ದೆ, ಗುಬ್ಬಿಯ ಹಿಂದಿನಿಂದ ಸಣ್ಣ ದನಿ ಬಂತು.

"ತಡಿ."

ಶಾಲೆಯಲ್ಲಿ ಅವಳ ಮೊದಲ ಮಾತು ಅದು. ಚಪ್ಪಾಳೆ ಹೊಡೆಯಬೇಕು ಅನ್ನಿಸಿತು, ಹೊಡೆಯಲಿಲ್ಲ. ಹೊಡೆದಿದ್ದರೆ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಕಾಗೆಯಾಗಿಯೇ ಉಳಿದೆ. "ಆತವ್ವಾ, ತಡೀತೀನಿ. ಮಳಿ ಭಾಳ ಐತಿ, ಲಗೂನ ತಗಿ" ಅಂದೆ.

ಬೊಂಬೆ ಕೈಯಲ್ಲಿದ್ದಾಗ ಮಾತಾಡುವುದು ಬೊಂಬೆ, ಮಗು ಅಲ್ಲ. ತಪ್ಪಾದರೆ ಅದು ಗುಬ್ಬಿಯ ತಪ್ಪು. ಎಲ್ಲರ ಕಣ್ಣು ಗುಬ್ಬಿಯ ಮೇಲೆ ಇರುತ್ತದೆ. ಜುಲೈನಲ್ಲಿ ಅವಳಿಗೆ ಈ ಮರೆ ಇರಲಿಲ್ಲ.

ಆಗಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳತೊಡಗಿದೆ. ಸೆಪ್ಟೆಂಬರ್ ಮೊದಲ ವಾರದ ಪುಟದಲ್ಲಿ ಇದೆ: "ತಡಿ ತಡಿ, ಕೂಸು ಪಾಣಿ." ಎರಡು ಕನ್ನಡ ಪದ, ಒಂದು ಲಂಬಾಣಿ ಪದ, ಪ್ರತ್ಯಯ ಒಂದೂ ಇಲ್ಲ. ಮೊದಲಿನ ನಾನಾಗಿದ್ದರೆ "ಪಾಣಿ ಅಲ್ಲ, ನೀರು ಅನ್ನು" ಅನ್ನುತ್ತಿದ್ದೆ. ಈಗ ಕಾಗೆ ಮಾತಾಡಿತು: "ಹೌದಾ? ಕೂಸಿಗೆ ನೀರ್ ಹಾಕಾಕತ್ತೀಯೇನವ್ವಾ? ಹಾಕು, ಹಾಕು." ಅವಳ ಮಾತೇ, ಪೂರ್ತಿಯಾಗಿ, ಕತೆಯ ಒಳಗೇ ವಾಪಸ್ ಹೋಯಿತು. ತಪ್ಪು ಅನ್ನುವ ಮಾತು ಬರಲೇ ಇಲ್ಲ. ಎರಡು ವಾರ ಬಿಟ್ಟು ಅವಳೇ "ಕೂಸಿಗೆ ನೀರ್" ಅಂದಳು.

ಅಕ್ಟೋಬರ್‌ನಲ್ಲಿ, ದಸರಾ ರಜೆ ಮುಗಿದ ಮೇಲೆ: "ತಡಿ, ಕೂಸಿಗೆ ಬಾಟಿ ಕೊಡಾಕತ್ತೀನಿ." ಬಾಟಿ ಅಂದರೆ ರೊಟ್ಟಿ. ಬಾಟಿ ಬಾಟಿಯಾಗಿಯೇ ಇರಲಿ ಅಂತ ಬಿಟ್ಟೆ. ವಾಕ್ಯ ಪೂರ್ತಿ ಕನ್ನಡದ್ದು, ಊಟ ಮಾತ್ರ ಅವಳ ಮನೆಯದು. ಆ ದಿನದಿಂದ ನಮ್ಮ ತರಗತಿಯ ಗುಬ್ಬಕ್ಕ ಕೂಸಿಗೆ ಬಾಟಿಯನ್ನೇ ತಿನ್ನಿಸುತ್ತಾಳೆ. ಲಂಬಾಣಿ ಬಾರದ ಇಬ್ಬರು ಮಕ್ಕಳೂ ಹಾಗೇ ಹೇಳುತ್ತಾರೆ.

ಮಗುವಿನ ಮಾತನ್ನು ಹಿಗ್ಗಿಸಿ ಮರಳಿಸುವ ಈ ಕ್ರಮ ನಾನು ಕಂಡುಹಿಡಿದದ್ದಲ್ಲ. 1988ರಲ್ಲಿ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು ಎರಡು ವರ್ಷ ಆಸುಪಾಸಿನ ಮಕ್ಕಳ ತಂದೆತಾಯಂದಿರಿಗೆ ಚಿತ್ರಪುಸ್ತಕ ತೋರಿಸುವ ಒಂದು ಬಗೆ ಕಲಿಸಿದರು. ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ. ಏನು, ಹೇಗೆ ಎಂದು ಕೇಳಿ. ಮಗು ಹೇಳಿದ್ದಕ್ಕೆ ಸ್ವಲ್ಪ ಸೇರಿಸಿ ಮರಳಿ ಹೇಳಿ. ಒಂದೇ ತಿಂಗಳಲ್ಲಿ ಆ ಮಕ್ಕಳು ಮಾತಿನಲ್ಲಿ ಉಳಿದ ಮಕ್ಕಳಿಗಿಂತ ಮುಂದೆ ಹೋದರು. ಅಲ್ಲಿ ಅಪ್ಪ ಅಮ್ಮ, ಒಂದು ಮಗು, ಒಂದು ಪುಸ್ತಕ. ಇಲ್ಲಿ ಮೂರು ತರಗತಿಯ ಮಕ್ಕಳು, ಒಂದು ಬುಟ್ಟಿ. ಆದರೂ ಮೂಲ ಸಂಗತಿ ಒಂದೇ: ದೊಡ್ಡವರ ಬಾಯಿಗಿಂತ ಕಿವಿಗೆ ಕೆಲಸ ಜಾಸ್ತಿ.

ಅಕ್ಟೋಬರ್ ಕೊನೆಗೆ ಇನ್ನೊಂದು ಹೆಜ್ಜೆ ಇಟ್ಟೆ. ಷಿಕಾಗೋದ ಶಿಶುವಿಹಾರದಲ್ಲಿ ವಿವಿಯನ್ ಪೇಲಿ ಎಂಬ ಶಿಕ್ಷಕಿ ವರ್ಷಗಟ್ಟಲೆ ಮಾಡಿದ ಕೆಲಸ ಅದು. ಮಗು ಕತೆ ಹೇಳುತ್ತದೆ, ಶಿಕ್ಷಕಿ ಹೇಳಿದ ಹಾಗೇ ಬರೆದುಕೊಳ್ಳುತ್ತಾಳೆ, ಅದೇ ದಿನ ಎಲ್ಲ ಮಕ್ಕಳೂ ಸೇರಿ ಅದನ್ನು ಆಡಿ ತೋರಿಸುತ್ತಾರೆ. ಬೆಳಿಗ್ಗೆ ಇಬ್ಬರ ಕತೆ ಬರೆದುಕೊಳ್ಳುತ್ತಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಆಟ. ಛೋರಿ ತನ್ನ ಸರದಿಗೆ ಕಾದಳು. ಅವಳು ಹೇಳಿದ್ದು ಇಷ್ಟು:

"ಆಡು ಇತ್ತು. ಆಡು ಓಡಿ ಹೋತು. ನಾಯಿ ಬಂತು. ನಾ ಕಲ್ಲ ಒಗದೆ. ನಾಯಿ ಹೋತು. ಯಾಡಿ ಬೈದಳು."

ನಾನು ಬರೆದುಕೊಂಡು ಕೇಳಿದೆ, "ಯಾಡಿ ಯಾಕ ಬೈದಳು?" ಬಹಳ ಹೊತ್ತು ಯೋಚಿಸಿದಳು. ಆಮೇಲೆ ಅಂದಳು, "ಕಲ್ಲ ಆಡಿಗೆ ಹತ್ತಿತು."

ಅಷ್ಟೇ ಕತೆ! ಅದರಲ್ಲಿ ಆರಂಭ ಇದೆ, ಅಪಾಯ ಇದೆ, ಕೊನೆಗೊಂದು ತಿರುವೂ ಇದೆ. ಮಧ್ಯಾಹ್ನ ಆಟ ಆಡಿದಾಗ ಆಡಾದವನು "ಮ್ಯಾ" ಅಂತ ಬಿದ್ದ. ಎಲ್ಲರೂ ನಕ್ಕರು. ಜುಲೈನಲ್ಲಿ ಅದೇ ಮಕ್ಕಳು ಅವಳನ್ನು ನೋಡಿ ನಕ್ಕಿದ್ದರು. ಈಗ ಅವಳ ಕತೆಗೆ ನಕ್ಕರು. ಅವಳೂ ನಕ್ಕಳು.

ದೀಪಾವಳಿಯಾದ ಮೇಲೆ ತಾಂಡಾ ಖಾಲಿಯಾಗುತ್ತದೆ. ಇಲ್ಲಿಯ ಜನ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತಾರೆ. ಮುಂಗಡ ತೆಗೆದುಕೊಂಡಿರುತ್ತಾರೆ, ಹೋಗದೆ ವಿಧಿಯಿಲ್ಲ. ಆ ವರ್ಷ ಅಜ್ಜಿಗೆ ಆರೋಗ್ಯ ಸರಿಯಿರಲಿಲ್ಲ. ಹಾಗಾಗಿ ಛೋರಿಯನ್ನೂ ಕರೆದುಕೊಂಡು ಹೋದರು. ನಾನು ಮನೆಗೆ ಹೋಗಿ ಕೇಳಿಕೊಂಡೆ. ಅವಳ ಯಾಡಿ ನೆಲ ನೋಡುತ್ತಾ, "ಸಣ್ಣ ಕೂಸು ಐತ್ರಿ, ನೋಡ್ಕೊಳ್ಳಾಕ ಇಕಿ ಬೇಕ್ರಿ" ಅಂದಳು. ನನಗೆ ಏನು ಹೇಳಲೂ ತೋಚಲಿಲ್ಲ. ಕೂಸಿಗೆ ನೀರು ಹಾಕಿ, ಬಾಟಿ ತಿನ್ನಿಸಿ, ಮಲಗಿಸುವ ಕೆಲಸ ಅವಳಿಗೆ ಕತೆಯಾಗಿರಲಿಲ್ಲ.

ನಾಲ್ಕು ತಿಂಗಳು ಅವಳು ಇರಲಿಲ್ಲ. ಬಂದ ಮಾತೆಲ್ಲ ಹೋಯಿತು ಅಂದುಕೊಂಡಿದ್ದೆ.

ಮಾರ್ಚ್‌ನಲ್ಲಿ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಅಂಗೈಯಲ್ಲಿ ಕಬ್ಬಿನ ಎಲೆ ಕೊಯ್ದ ಗೆರೆಗಳಿದ್ದವು. ಮೊದಲ ದಿನ ಮತ್ತೆ ಮೌನ. ಎರಡನೇ ದಿನ ನಾನು ಬುಟ್ಟಿ ತೆಗೆದು ಕಾಗಕ್ಕ ಗುಬ್ಬಕ್ಕ ಶುರು ಮಾಡಿದೆ. "ಗುಬ್ಬಕ್ಕನ ಮನಿ ಕಲ್ಲಿನ ಮನಿ" ಅನ್ನುವಷ್ಟರಲ್ಲಿ ಅವಳು ಅಡ್ಡ ಬಂದಳು.

"ಅಕ್ಕೋರೆ, ಕಲ್ಲಿಂದಲ್ರಿ. ಮೇಣದ್ದು."

ನನಗೆ ಆಶ್ಚರ್ಯವಾಯಿತು. ಆಮೇಲೆ ಹೊಳೆಯಿತು. ಮರಾಠಿಯಲ್ಲೂ ಈ ಕತೆ ಇದೆ. ಅಲ್ಲಿ ಕಾಗೆಯದು ಸಗಣಿ ಮನೆಯೇ, ಆದರೆ ಗುಬ್ಬಿಯದು ಮೇಣದ ಮನೆ. ಗದ್ದೆ ಬದಿಯ ಗುಡಿಸಲಿನಲ್ಲಿ ಇದ್ದಾಗ ಅಲ್ಲಿಯ ಯಾವುದೋ ಮಕ್ಕಳ ಬಾಯಲ್ಲಿ ಅವಳು ಅದನ್ನು ಕೇಳಿದ್ದಳು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಗದ್ದೆಯಲ್ಲಿ ಮರಾಠಿ. ಕತೆ ಮಾತ್ರ ಒಂದೇ ಆಗಿದ್ದರಿಂದ ಮೂರನೇ ಭಾಷೆಯಲ್ಲೂ ಅವಳಿಗೆ ಅದು ತಿಳಿದಿತ್ತು.

ನಾನು "ಹೌದಾ?" ಅಂದು ಸುಮ್ಮನಾದೆ. ಜಗಳ ಶುರುವಾಯಿತು. ಆ ದಿನದ ಪುಟ ನೋಟ್‌ಬುಕ್ಕಿನಲ್ಲಿ ಎಲ್ಲಕ್ಕಿಂತ ಉದ್ದ.

ಎರಡನೇ ತರಗತಿಯ ಒಬ್ಬ ಹುಡುಗ ಅಂದ, "ಮೇಣ ಬಿಸಿಲಿಗೆ ಕರಗತೈತಿ. ಅದು ಮನಿ ಆಗಂಗಿಲ್ಲ."

ಛೋರಿ: "ಮಳಿ ಬಂದಾಗ ಬಿಸಿಲ ಎಲ್ಲಿರತೈತಿ?"

ಹುಡುಗ: "ನಾಳಿಗೆ ಬರತೈತಿ."

ಛೋರಿ: "ನಾಳಿಗೆ ಕಾಗಕ್ಕ ಹೊಸಾ ಮನಿ ಕಟ್ಟತಾಳ. ಮೇಣಕ್ಕ ನೀರ್ ಹತ್ತಂಗಿಲ್ಲ. ಅದಕ್ಕ ಗುಬ್ಬಿ ಮನಿ ಹೋಗಲಿಲ್ಲ."

ಆ "ಅದಕ್ಕ" ಕೇಳಿ ನನಗೆ ಕಣ್ಣು ತುಂಬಿ ಬಂತು. ಕಾರಣ ಕೊಟ್ಟು ವಾದ ಮಾಡಿದ್ದಳು, ಎದುರಿನವನ ಮಾತು ಕೇಳಿ ಅದಕ್ಕೆ ಸರಿಯಾಗಿ ಉತ್ತರ ಕೊಟ್ಟಿದ್ದಳು. ನೀತಿ ಏನು ಅಂತ ನಾನು ಕೇಳುತ್ತಿದ್ದ ಕಾಲದಲ್ಲಿ ಯಾವ ಮಗುವೂ ಇಂಥ ಒಂದು ವಾಕ್ಯ ಹೇಳಿರಲಿಲ್ಲ. "ಒಳ್ಳೇರಾಗಿರಬೇಕ್ರಿ" ಅಂತ ಒಂದೇ ದನಿಯಲ್ಲಿ ಹೇಳಿ ಮುಗಿಸುತ್ತಿದ್ದರು.

ಮರುದಿನ ಒಂದು ಬಕೆಟ್ ನೀರು, ಒಂದು ಕುಳ್ಳು, ಒಂದು ಮೇಣಬತ್ತಿ ಚೂರು, ಒಂದು ಕಲ್ಲು ತಂದಿಟ್ಟೆ. ಕುಳ್ಳು ನೆನೆದು ಉದುರಿತು. ಕಲ್ಲು ಮುಳುಗಿತು. ಮೇಣ ತೇಲಿತು. "ಗುಬ್ಬಿ ಮನಿ ತೇಲಿಕೊಂತ ಹೋತು!" ಅಂತ ಮೂರನೇ ತರಗತಿಯವರೂ ಓಡಿ ಬಂದರು. ಆ ಬಕೆಟ್ಟಿನ ಸುತ್ತ ಆದಷ್ಟು ಮಾತು ನಮ್ಮ ಕೋಣೆಯಲ್ಲಿ ಆ ವರ್ಷ ಬೇರೆ ಯಾವತ್ತೂ ಆಗಲಿಲ್ಲ. ಮುಳುಗು, ತೇಲು, ನೆನೆ, ಕರಗು, ಉದುರು. ಈ ಐದು ಕ್ರಿಯಾಪದಗಳನ್ನು ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಹಿಡಿದು ಕಲಿಸಿದ್ದರೆ ಎಷ್ಟು ದಿನ ಬೇಕಾಗುತ್ತಿತ್ತೋ.

ಈ ಪ್ರಕರಣದಲ್ಲಿ ಆಗದೆ ಉಳಿದದ್ದೂ ಇದೆ. ಛೋರಿಯ ಓದು ಹಿಂದಿದೆ. ನಾಲ್ಕು ತಿಂಗಳ ಗುಳೆ ಕಲಿಕಾ ಏಣಿಯ ಮೆಟ್ಟಿಲುಗಳನ್ನು ನುಂಗಿತು. ಎರಡನೇ ತರಗತಿಗೆ ಬಂದಾಗಲೂ ಅವಳು ಅಕ್ಷರ ಜೋಡಿಸಿ ಓದಲು ತಡವರಿಸುತ್ತಿದ್ದಳು. ಮಾತು ಬಂತು ಅಂದ ಮಾತ್ರಕ್ಕೆ ಓದು ತಾನಾಗಿ ಬರುವುದಿಲ್ಲ. ಅದಕ್ಕೆ ಬೇರೆ ಕೆಲಸ ಬೇಕು. ಆದರೆ ಓದಿಸಲು ನನ್ನ ಹತ್ತಿರ ಈಗ ಒಂದು ಸಾಮಗ್ರಿ ಇದೆ, ಅವಳೇ ಹೇಳಿದ ಕತೆಗಳು. ಆಡಿನ ಕತೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಚಪ್ಪರಕ್ಕೆ ಕಟ್ಟಿದೆ. ಅವಳು ಬೆರಳಿಟ್ಟು ಓದಿದ ಮೊದಲ ವಾಕ್ಯ "ನಾಯಿ ಬಂತು". ಏನು ಬರೆದಿದೆ ಅಂತ ಅವಳಿಗೆ ಮೊದಲೇ ಗೊತ್ತಿತ್ತು. ಹಾಗಾಗಿ ಕಣ್ಣಿಗೆ ಅಕ್ಷರ ಹುಡುಕುವುದಷ್ಟೇ ಉಳಿದಿತ್ತು.

ಇನ್ನೊಂದು ತೊಡಕೂ ಇತ್ತು. ಒಂದೇ ಕತೆಯನ್ನು ತಿಂಗಳುಗಟ್ಟಲೆ ಹೇಳಿದ್ದು ಮೂರನೇ ತರಗತಿಯವರಿಗೆ ಬೇಸರ ತಂದಿತು. ಅವರಿಗೆ ಬೇರೆ ಕೆಲಸ ಕೊಡಬೇಕಿತ್ತು, ನನಗೆ ಅದು ತಡವಾಗಿ ಹೊಳೆಯಿತು. ಈಗ ಅವರು ಕತೆ ಬರೆದುಕೊಳ್ಳುವವರು. ಸಣ್ಣವರು ಹೇಳುತ್ತಾರೆ, ಇವರು ಬರೆಯುತ್ತಾರೆ. ಕಾಗುಣಿತ ತಪ್ಪಿರುತ್ತದೆ, ಆಮೇಲೆ ಕೂತು ಒಟ್ಟಿಗೆ ತಿದ್ದುತ್ತೇವೆ.

ಅಜ್ಜಿಗೆ ಈಗ ಹುಷಾರಾಗಿದೆ. ಎರಡನೇ ವರ್ಷ ಗುಳೆ ಹೊರಡುವ ಹೊತ್ತಿಗೆ ಛೋರಿಯನ್ನು ತಮ್ಮ ಹತ್ತಿರವೇ ಉಳಿಸಿಕೊಂಡರು. ತಿಂಗಳಿಗೊಂದು ಶನಿವಾರ ಅವರು ಶಾಲೆಗೆ ಬಂದು ಲಂಬಾಣಿಯಲ್ಲಿ ಕತೆ ಹೇಳುತ್ತಾರೆ. ನಾನು ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತೇನೆ. ಅರ್ಥವಾಗದಿದ್ದಾಗ ಪಕ್ಕದಲ್ಲಿ ಕೂತ ಛೋರಿ ಕಿವಿಯ ಹತ್ತಿರ ಬಂದು ಕನ್ನಡದಲ್ಲಿ ಹೇಳುತ್ತಾಳೆ. ಕೆಲವು ಸಲ ಹೇಳುವ ಮೊದಲು, "ತಡೀರಿ ಅಕ್ಕೋರೆ, ಇನ್ನೂ ಮುಂದ ಐತಿ" ಅನ್ನುತ್ತಾಳೆ.